ಹಳೇ ಡಬ್ಬಿ

"ಹಳೇ ಡಬ್ಬಿ ಎಲ್ಲಿ?"

ನನ್ನ ಔಷಧಿ ಅಂಗಡಿಗೆ ಬಂದವರನ್ನು ನಾನು ಮೊದಲು ಕೇಳುವುದು ಇದನ್ನೇ. ಹೇಗಿದ್ದೀರಿ, ಚಳಿ ಜಾಸ್ತಿಯಾಯಿತಲ್ಲ ಎನ್ನುವ ಉಪಚಾರವೆಲ್ಲ ಆಮೇಲೆ. ಡಾಕ್ಟರು ಮಾತ್ರೆ ಬದಲಾಯಿಸಿದ್ದರೆ ಹಳೆಯ ಮಾತ್ರೆಯ ಡಬ್ಬಿ ನನ್ನ ಕೈಗೆ ಬರಬೇಕು, ಆಮೇಲೇ ಹೊಸದು ಕೊಡುವುದು. ನನ್ನ ಅಪ್ಪ ಹಾಕಿದ ಕಟ್ಟಳೆ ಇದು. ಅವನ ಕಾಲದಲ್ಲಿ ಒಬ್ಬಾಕೆ ಹಳೇದು ಹೊಸದು ಎರಡನ್ನೂ ನುಂಗಿ ಸತ್ತಿದ್ದಳಂತೆ. "ಮನೇಲಿದೆ ನಡೀನ್, ನಾಳೆ ತರ್ತೀನಿ" ಎಂದವರನ್ನು ಅದೇ ಕಾಲಲ್ಲಿ ಮನೆಗೆ ಅಟ್ಟಿದ್ದೇನೆ. ಗೊಣಗುತ್ತ ಹೋಗಿ ತಂದಿದ್ದಾರೆ. ಈ ನಡೀನಳ ಬಾಯಿ ಕೆಟ್ಟದ್ದು ಎಂದು ನಮ್ಮೂರು ಕ್ರೇನ್ ಫೋರ್ಕಿನಲ್ಲಿ ಎಲ್ಲರಿಗೂ ಗೊತ್ತು. ಕೆಟ್ಟದ್ದು ಅಂದರೆ ಎಷ್ಟು ಕೆಟ್ಟದ್ದು ಎಂದು ನನಗೆ ಗೊತ್ತಾದದ್ದು ಮಾತ್ರ ಹೋದ ವರ್ಷ.

ಎಸ್ಟಿಲ್ ಮ್ಯಾಗರ್ಡ್ ಮೂವತ್ನಾಲ್ಕು ವರ್ಷ ಕಲ್ಲಿದ್ದಲ ಗಣಿಯಲ್ಲಿ ದುಡಿದವನು. ನಮ್ಮ ಚರ್ಚಿನ ಹಿರಿಯ. ಭಾನುವಾರ ಬೈಬಲ್ ತೆರೆದು ನಿಂತನೆಂದರೆ ಪಾದ್ರಿಗಿಂತ ಅವನ ದನಿಯೇ ಮೇಲು. ನಮ್ಮ ಚರ್ಚಿನಲ್ಲಿ ಎಲ್ಲರೂ ಅಣ್ಣ, ಅಕ್ಕ. ನನಗೂ ಅವನು ಎಸ್ಟಿಲಣ್ಣ. ನಾನು ಅವನಿಗೆ ಈ ಅರವತ್ತೊಂದರಲ್ಲೂ 'ಹುಡುಗಿ'. ಹೆಂಡತಿ ಲೂರೀನಕ್ಕ ಮೊದಲೆಲ್ಲ ತಾನೇ ಬಂದು ಇಬ್ಬರ ಔಷಧಿಯನ್ನೂ ಒಯ್ಯುತ್ತಿದ್ದಳು. ಐದು ವರ್ಷದ ಹಿಂದೆ ಅವಳಿಗೆ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ ಬಿದ್ದುಹೋಯಿತು, ಮಾತು ಹೋಯಿತು, ಅಕ್ಷರವೂ ಹೋಯಿತು. ಕಣ್ಣೆದುರು ಪುಸ್ತಕ ಹಿಡಿದರೆ ಅದು ಏನೆಂದೇ ತಿಳಿಯದವಳ ಹಾಗೆ ನೋಡುತ್ತಿದ್ದಳು. ಆವಾಗಿನಿಂದ ಎಸ್ಟಿಲಣ್ಣ ಬರತೊಡಗಿದ.

ಮೊದಲ ಸಲ ಬಂದಾಗ ಮಾತ್ರೆಯ ಜೊತೆಗಿನ ಕಾಗದವನ್ನು ಕೊಟ್ಟೆ. ತುಂಬ ಹೊತ್ತು ಅದನ್ನೇ ನೋಡಿದ. "ಕನ್ನಡಕ ಮನೇಲಿ ಬಿಟ್ಟು ಬಂದಿದೀನಿ ಕಣೆ, ಓದಿ ಹೇಳಿಬಿಡು" ಎಂದ. ಹೇಳಿದೆ. ಎರಡನೇ ತಿಂಗಳೂ ಕನ್ನಡಕ ಮನೆಯಲ್ಲೇ ಉಳಿದಿತ್ತು. ಮೂರನೇ ತಿಂಗಳು ಅದು ಅವನ ಅಂಗಿ ಜೇಬಿನಲ್ಲೇ ಇತ್ತು. ನಾನು ಜೇಬು ನೋಡಿದೆ, ನಾನು ನೋಡಿದ್ದನ್ನು ಅವನು ನೋಡಿದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಲೂರೀನ್‌ಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ" ಎಂದ.

"ಮತ್ತೆ ಚರ್ಚಲ್ಲಿ?"

"ಶನಿವಾರ ಅವಳು ಓದ್ತಿದ್ಲು. ನಾನು ಬಾಯಿಪಾಠ ಮಾಡ್ತಿದ್ದೆ. ಈಗ ಹಳೇದನ್ನೇ ತಿರುಗಿಸಿ ಮುರುಗಿಸಿ ಹೇಳ್ತಿದೀನಿ. ಯಾರಾದ್ರೂ ಹೊಸ ಅಧ್ಯಾಯ ಕೇಳಿಬಿಟ್ರೆ ಅಂತ ಹೆದರಿಕೆ."

ಎಂಟು ವರ್ಷಕ್ಕೇ ಅಪ್ಪ ಸತ್ತು ಶಾಲೆ ಬಿಟ್ಟವನು. ಹೆಸರು ಬರೆಯುವುದನ್ನು ಮಾತ್ರ ಚಿತ್ರ ಬಿಡಿಸಿದ ಹಾಗೆ ಕಲಿತಿದ್ದ. ಐವತ್ತು ವರ್ಷ ಲೂರೀನಕ್ಕ ಅವನ ಕಣ್ಣಾಗಿದ್ದಳು, ಒಬ್ಬರಿಗೂ ಸುಳಿವು ಕೊಟ್ಟಿರಲಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ನಾನೂ ಮಾತು ಕೊಟ್ಟೆ. ಅವತ್ತಿನಿಂದ ಲೂರೀನಕ್ಕನ ಡಬ್ಬಿಗಳಿಗೆ ಬೇರೆಯೇ ಲಿಪಿ ಶುರುವಾಯಿತು. ಬೆಳಗಿನದಕ್ಕೆ ಒಂದು ರಬ್ಬರ್ ಬ್ಯಾಂಡ್, ಮಲಗುವಾಗಿನದಕ್ಕೆ ಎರಡು. ರಕ್ತ ತೆಳುವಾಗಿಸುವ ಮಾತ್ರೆ, ಸಂಜೆ ಊಟದ ಹೊತ್ತಿಗೆ ಕೊಡುವುದು, ಅದಕ್ಕೆ ಕೆಂಪು ನೂಲು. ಕೆಂಪು ಅಂದರೆ ಹುಷಾರು. ಡಾಕ್ಟರು ಒಂದನ್ನು ನಿಲ್ಲಿಸಿದರೆ ನಾನು ಆ ಡಬ್ಬಿಯನ್ನು ವಾಪಸ್ ಪಡೆಯುತ್ತಿದ್ದೆ. ಮನೆಯಲ್ಲಿ ಡಬ್ಬಿ ಇದೆ ಎಂದರೆ ಮಾತ್ರೆ ಕೊಡಬೇಕು, ಇಲ್ಲವೆಂದರೆ ಇಲ್ಲ. ನಾಲ್ಕು ವರ್ಷ ಒಂದು ಮಾತ್ರೆಯೂ ತಪ್ಪಲಿಲ್ಲ. ಓದು ಬಲ್ಲ ಎಷ್ಟೋ ಮಂದಿ ಗಂಡಂದಿರಿಗಿಂತ ಚೆನ್ನಾಗಿ ನೋಡಿಕೊಂಡ.

ಹೋದ ವರ್ಷ ಜನವರಿಯಲ್ಲಿ ಗಣಿಯ ನಿವೃತ್ತರ ವಿಮೆ ಬೇರೊಂದು ಕಂಪನಿಯ ಕೈಗೆ ಹೋಯಿತು. ದಿನವೂ ತೆಗೆದುಕೊಳ್ಳುವ ಮಾತ್ರೆಗಳನ್ನು ಇನ್ನು ಕಂಪನಿಯ ಅಂಚೆ ಔಷಧಾಲಯದಿಂದಲೇ ತರಿಸಬೇಕು, ಇಲ್ಲವೇ ಗುಡ್ಡದಾಚೆ ಐವತ್ತು ಮೈಲಿ ದೂರದ ಅವರ ಅಂಗಡಿಯಲ್ಲೇ ಕೊಳ್ಳಬೇಕು. ನನ್ನ ಅಂಗಡಿಯಲ್ಲಿ ಕೊಂಡರೆ ವಿಮೆ ಇಲ್ಲ. ಲೂರೀನಕ್ಕನನ್ನು ಅರ್ಧ ಗಂಟೆ ಒಬ್ಬಳನ್ನೇ ಬಿಡುವ ಹಾಗಿರಲಿಲ್ಲ, ಐವತ್ತು ಮೈಲಿ ಎಲ್ಲಿಯ ಮಾತು? ಎಸ್ಟಿಲಣ್ಣ ಆ ಪತ್ರ ಹಿಡಿದು ಬಂದ. ಓದಿ ಹೇಳಿದೆ.

"ಡಾಕ್ಟ್ರು ಬರೆದಿದಾರಲ್ಲ, ಇವರದೇನು ಅಡ್ಡಿ?" ಎಂದ.

"ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ. ವಿಮೆ ಬಿಟ್ಟಾಕು ಅಣ್ಣ, ಅಕ್ಕನ ಮಾತ್ರೆ ನಾನೇ ಕೊಡ್ತೀನಿ."

"ಪುಕ್ಕಟೆನಾ?" ಅವನ ಮುಖ ಬಿಗಿಯಿತು. "ಮೂವತ್ನಾಲ್ಕು ವರ್ಷ ಆ ಮಸೀಲಿ ಕೆಮ್ಮಿದ್ದು ಈ ವಿಮೆಗೋಸ್ಕರ ಕಣೆ ಹುಡುಗಿ. ನಾನು ಕೈಯೊಡ್ಡೋನಲ್ಲ."

ಕಂಪನಿಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆ ಸಂಗೀತ ಕೇಳಿಸಿ, ಆಮೇಲೆ ಒಂದು ಹುಡುಗಿ ಮಾತಾಡಿದಳು. ಬೆಣ್ಣೆಯಂಥ ದನಿ. ವಿನಾಯಿತಿಗೆ ಒಂದು ಅರ್ಜಿ ಇದೆ, ಅಂಚೆಯ ಔಷಧಿ ಯಾಕೆ ಆಗುವುದಿಲ್ಲ ಎಂಬ ಕಾರಣ ಬರೆದು ಡಾಕ್ಟರ ಸಹಿ ಹಾಕಿಸಿ ಕಳಿಸಿ ಎಂದಳು. ಅರ್ಜಿ ತರಿಸಿದೆ. ಎಸ್ಟಿಲಣ್ಣನನ್ನು ಕೌಂಟರಿನ ಒಳಗೆ ಕೂರಿಸಿ, ಕಾಫಿ ಕೊಟ್ಟು, ಪೆನ್ನು ಹಿಡಿದೆ.

"ಓದೋಕೆ ಬರಲ್ಲ ಅಂತ ಮಾತ್ರ ಬರೀಬೇಡ."

"ಅದನ್ನ ಬರೆದ್ರೇನೇ ಕೆಲಸ ಆಗೋದು ಅಣ್ಣ."

"ಆ ಅರ್ಜಿ ಓದೋಳು ನಮ್ಮ ಕಡೆಯೋಳೇ ಆಗಿದ್ರೆ? ಆಚೆ ಹಳ್ಳದ ಕೂಂಟ್ಸ್ ಮಗಳು ಇಂಥದೇ ಆಫೀಸಲ್ಲಿ ಫೋನ್ ಹಿಡ್ಕೊಂಡು ಕೂರ್ತಾಳಂತೆ. ಬಾಯಿ ಬಿಟ್ರೆ ಬಣ್ಣಗೇಡು. ಬೇಕಾದ್ರೆ ಕುರುಡ ಅಂತ ಬರಿ."

ನಾನು ಹಟ ಹಿಡಿಯಬೇಕಿತ್ತು. ಎಲ್ಲದಕ್ಕೂ ಹಟ ಹಿಡಿಯುವವಳು ಅಲ್ಲಿ ಹಿಡಿಯಲಿಲ್ಲ. ಎಪ್ಪತ್ತೆಂಟು ವರ್ಷದ ಮನುಷ್ಯ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. 'ಔಷಧಿ ಕೊಡುವ ಗಂಡನಿಗೆ ದೃಷ್ಟಿ ಮಂದ' ಎಂದು ಬರೆದೆ. ಡಾಕ್ಟರೂ ಕೇಳದೆ ಸಹಿ ಹಾಕಿದರು. ಅಷ್ಟರಲ್ಲಿ ಅಂಚೆಯಿಂದ ಮೂರು ತಿಂಗಳ ಮೊದಲ ಪೆಟ್ಟಿಗೆ ಬಂತು. ಅವನು ಅದನ್ನು ನನ್ನ ಬಳಿಗೇ ತಂದ. ನಾನೇ ರಬ್ಬರ್ ಬ್ಯಾಂಡ್ ಹಾಕಿ, ಕೆಂಪು ನೂಲು ಕಟ್ಟಿ ಕೊಟ್ಟೆ. ವಿನಾಯಿತಿ ಸಿಗದಿದ್ದರೂ ಹೀಗೇ ನಡೆಸಿಕೊಂಡು ಹೋಗಬಹುದು ಎಂದುಕೊಂಡೆ.

ಫೆಬ್ರವರಿಯ ಒಂದು ಶುಕ್ರವಾರ. ವಿಮೆಯ ಕಂಪನಿ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕಿತ್ತುಕೊಂಡು ಹೋಗುತ್ತಿತ್ತು. ಅವತ್ತು ಬೆಳಿಗ್ಗೆಯೇ ಇನ್ನಿಬ್ಬರ ಔಷಧಿ ಚೀಟಿಗಳನ್ನು ಇಲ್ಲಿ ವಿಮೆ ನಡೆಯುವುದಿಲ್ಲವೆಂದು ವಾಪಸ್ ಕೊಟ್ಟು ನನ್ನ ತಲೆ ಕಾದ ಕಾವಲಿಯಾಗಿತ್ತು. ಚರ್ಚಿನ ಇಬ್ಬರು ಹೆಂಗಸರು ಕೆಮ್ಮಿನ ಔಷಧಿಗೆಂದು ಬಂದು ನಿಂತಿದ್ದರು. ಎಸ್ಟಿಲಣ್ಣ ಒಳಗೆ ಬಂದ, ಟೋಪಿ ತೆಗೆದ, ಕಂಪನಿಯ ಲಕೋಟೆಯನ್ನು ಕೌಂಟರಿನ ಮೇಲಿಟ್ಟ.

"ಕನ್ನಡಕ ಮನೇಲಿ ಬಿಟ್ಟು ಬಂದಿದೀನಿ" ಎಂದ, ಆ ಹೆಂಗಸರಿಗೂ ಕೇಳಲಿ ಎಂದು.

ಒಡೆದು ಓದಿದೆ. ನಿಮ್ಮ ಮನವಿಯನ್ನು ಪರಿಗಣಿಸಲಾಗಿದೆ. ದೃಷ್ಟಿ ಮಂದವಿರುವುದರಿಂದ ಇನ್ನು ಮುಂದೆ ನಿಮ್ಮ ಔಷಧಿಗಳ ಸೂಚನೆಗಳನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿ ಕಳಿಸಲಾಗುವುದು. ಸ್ಥಳೀಯ ಅಂಗಡಿಯ ಅಗತ್ಯ ಕಂಡುಬಂದಿಲ್ಲ.

 ನನ್ನ ಸಿಟ್ಟು ಕಂಪನಿಯ ಮೇಲಿನದು, ದೇವರಾಣೆಗೂ ಅವನ ಮೇಲಿನದಲ್ಲ. ಆದರೆ ಎದುರಿಗಿದ್ದವನು ಅವನು.

"ದೊಡ್ಡ ಅಕ್ಷರವಂತೆ" ಎಂದು ಕಾಗದವನ್ನು ಕೌಂಟರಿಗೆ ಬಡಿದೆ. "ಆನೆಯಷ್ಟು ದೊಡ್ಡದು ಬರೆದ್ರೂ ನಿನಗೇನು ಬಂತು ಪ್ರಯೋಜನ?"

 ಹೆಂಗಸರಲ್ಲಿ ಒಬ್ಬಳು ಕೆಮ್ಮುವುದನ್ನು ನಿಲ್ಲಿಸಿದಳು. ಎಸ್ಟಿಲಣ್ಣನ ಕುತ್ತಿಗೆಯಿಂದ ಮೇಲಕ್ಕೆ ಕೆಂಪು ಏರಿತು. ಕಾಗದವನ್ನು ಮಡಿಸಿದ, ನಾಲ್ಕು ಮಡಿಕೆ, ನಿಧಾನವಾಗಿ. ಜೇಬಿಗಿಟ್ಟುಕೊಂಡು ಟೋಪಿ ಹಾಕಿಕೊಂಡು ಹೋದ. ಆ ಹೆಂಗಸರು ಏನು ತಿಳಿದರೋ, ತಿಳಿಯಲಿಲ್ಲವೋ, ಇವತ್ತಿಗೂ ನಾನು ಕೇಳಿಲ್ಲ. ಅವನಿಗಂತೂ ಊರಿಗೆ ಊರೇ ತಿಳಿದ ಹಾಗೆ ಆಗಿರಬೇಕು.

ಮುಂದಿನ ಭಾನುವಾರ ಚರ್ಚಿನಲ್ಲಿ ಅವನು ಓದಲು ಏಳಲಿಲ್ಲ. ಗಂಟಲು ಕಟ್ಟಿದೆ ಎಂದನಂತೆ. ನಾನು ಒಣಸೇಬಿನ ಕೇಕು ಮಾಡಿಕೊಂಡು ಹಳ್ಳದ ಮೇಲಿನ ಅವನ ಮನೆಗೆ ಹೋದೆ. ಬಾಗಿಲು ತೆರೆದ. ಕೇಕು ತೆಗೆದುಕೊಂಡ. "ಲೂರೀನ್ ಮಲಗಿದಾಳೆ" ಎಂದ. ಒಳಗೆ ಬಾ ಎನ್ನಲಿಲ್ಲ. ತಪ್ಪಾಯಿತು ಅಣ್ಣ ಎಂದು ಅಲ್ಲೇ ಮೆಟ್ಟಿಲ ಮೇಲೆ ಹೇಳಬಹುದಿತ್ತು. ತುಟಿಯವರೆಗೆ ಬಂತು. "ಚಳಿ ಜಾಸ್ತಿ" ಎಂದು ಹೇಳಿ ಬಂದೆ. ಎರಡು ತಿಂಗಳಲ್ಲಿ ಮುಂದಿನ ಪೆಟ್ಟಿಗೆ ಬರುತ್ತದೆ, ಆಗ ಬಂದೇ ಬರುತ್ತಾನೆ, ಆಗ ಹೇಳೋಣ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಬರಲಿಲ್ಲ. ಮಾರ್ಚ್ ಕೊನೆಯ ವಾರ ಲೂರೀನಕ್ಕ ಸಂಜೆ ಊಟದ ಮೇಜಿನ ಮುಂದೆ ಕೂತಲ್ಲೇ ಬಲಕ್ಕೆ ವಾಲಿದಳು. ಗುಡ್ಡದಾಚೆಯ ಆಸ್ಪತ್ರೆಗೆ ಒಯ್ದರು. ತಲೆಯೊಳಗೆ ರಕ್ತ ಸೋರಿದೆ, ರಕ್ತ ತುಂಬ ತೆಳುವಾಗಿತ್ತು, ಈ ವಯಸ್ಸಿನಲ್ಲಿ ಹೀಗಾಗುವುದುಂಟು ಎಂದರಂತೆ. ಮೂರನೇ ದಿನ ಹೋದಳು.

ಮಣ್ಣು ಮಾಡುವ ದಿನ ಚರ್ಚಿನ ತುಂಬ ಜನ. ಎಸ್ಟಿಲಣ್ಣ ಎದ್ದು ನಿಂತ. ಬೈಬಲ್ ತೆರೆದು ದಾವೀದನ ಒಂದು ಕೀರ್ತನೆ ಹೇಳಿದ, ಒಂದು ಪದವೂ ತಪ್ಪಲಿಲ್ಲ. ಎಲ್ಲರೂ ಅತ್ತರು. ನಾನು ಮೊದಲ ಸಾಲಿನಲ್ಲಿದ್ದೆ. ಪುಸ್ತಕ ತೆರೆದಿದ್ದದ್ದು ಕೊನೆಯ ಹಾಳೆಗಳ ಹತ್ತಿರ, ಕೀರ್ತನೆ ಇರುವ ಜಾಗದಲ್ಲಲ್ಲ. ಐವತ್ತು ವರ್ಷ ಸರಿಯಾದ ಹಾಳೆಗೆ ದಾರ ಇಟ್ಟು ಕೊಡುತ್ತಿದ್ದವಳು ಶವಪೆಟ್ಟಿಗೆಯಲ್ಲಿ ಮಲಗಿದ್ದಳು.

ಅದಾಗಿ ಹತ್ತು ದಿನಕ್ಕೆ ಅಂಗಡಿಗೆ ಬಂದ. ಕೈಯಲ್ಲಿ ಕಂಪನಿಯ ರಟ್ಟಿನ ಪೆಟ್ಟಿಗೆ. ನಾನು ಏನು ಹೇಳುವುದಕ್ಕೂ ಮೊದಲು ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಸಾಲಾಗಿ ಇಟ್ಟ. ಒಂದು ರಬ್ಬರ್ ಬ್ಯಾಂಡಿನದು. ಎರಡು ರಬ್ಬರ್ ಬ್ಯಾಂಡಿನದು. ಆಮೇಲೆ ಕೆಂಪು ನೂಲಿನವು, ಎರಡು.

ಒಂದು ನಾನು ಕಟ್ಟಿದ್ದು. ಇನ್ನೊಂದರ ನೂಲು ಬೇರೆ ಕೆಂಪು, ಗಂಟು ಬೇರೆ.

"ಇದು ಮಾರ್ಚಲ್ಲಿ ಬಂತು" ಎಂದ. "ಲೂರೀನ್ ರಕ್ತ ಪರೀಕ್ಷೆ ಮಾಡಿದ್ರಲ್ಲ, ಆಮೇಲೆ ಡಾಕ್ಟ್ರ ಆಫೀಸಿಂದ ಫೋನ್ ಬಂತು. ರಕ್ತದ ಹೊಸ ಮಾತ್ರೆ ಅಂಚೇಲಿ ಬರುತ್ತೆ, ಸಂಜೆ ಊಟಕ್ಕೆ ಕೊಡಿ ಅಂದ್ರು. ಬಂತು. ರಕ್ತದ್ದು ಅಂದ್ರೆ ಕೆಂಪು ಅಲ್ವಾ. ಲೂರೀನ್ ಹೆಣಿಗೆ ಬುಟ್ಟಿಯಿಂದ ನೂಲು ತಗೊಂಡು ನಾನೇ ಕಟ್ಟಿದೆ."

ನಾನು ಎರಡನ್ನೂ ತಿರುಗಿಸಿ ನೋಡಿದೆ. ಹಳೇದು ಪೀಚ್ ಹಣ್ಣಿನ ಬಣ್ಣದ ಮಾತ್ರೆ, ಹೊಸದು ನೀಲಿ. ಔಷಧಿ ಒಂದೇ. ರಕ್ತ ಜಾಸ್ತಿ ತೆಳುವಾಗಿದೆಯೆಂದು ಡಾಕ್ಟರು ಪ್ರಮಾಣ ಕಡಿಮೆ ಮಾಡಿದ್ದರು.

"ಹಳೇದನ್ನ ಏನು ಮಾಡಿದೆ?" ಎಂದು ಕೇಳಿದೆ.

"ಅದನ್ನೂ ಕೊಟ್ಟೆ. ವಾಪಸ್ ತಗೊಳ್ಳೋಕೆ ಯಾರೂ ಬರಲಿಲ್ಲವಲ್ಲ. ಅಂಚೆಯವನನ್ನ ಕೇಳಿದೆ, ಹಳೇ ಡಬ್ಬಿ ಬೇಡ್ವಾ ಅಂತ. ನಕ್ಕ. ಬೇಡ ಅಂದ್ಮೇಲೆ ನಡೀತಿದೆ ಅಂತ ಲೆಕ್ಕ, ಎರಡೂ ಕೊಡಬೇಕು. ಹನ್ನೆರಡು ದಿನ ಎರಡೂ ಕೊಟ್ಟೆ. ಒಂದು ದಿನವೂ ಮರೀಲಿಲ್ಲ."

 ಇದನ್ನು ಅವನಿಗೆ ಕಲಿಸಿದವಳು ನಾನು. ಮನೆಯಲ್ಲಿ ಡಬ್ಬಿ ಇದೆ ಎಂದರೆ ಮಾತ್ರೆ ಕೊಡಬೇಕು. ಬೇರೆ ಯಾವ ಊರಿನ ಯಾವ ಗಂಡಸೂ ಹೀಗೆ ತಿಳಿಯುತ್ತಿರಲಿಲ್ಲ.

ಅವನು ಜೇಬಿನಿಂದ ಒಂದು ಕಾಗದ ತೆಗೆದ. "ಹೊಸದರ ಜೊತೆ ಇದಿತ್ತು. ಓದು."

ಕಂಪನಿ ಮಾತು ಉಳಿಸಿಕೊಂಡಿತ್ತು. ಒಂದೊಂದು ಅಕ್ಷರವೂ ಹೆಬ್ಬೆರಳಿನ ಗಾತ್ರ. ನಿಲ್ಲಿಸಿ. ಹಳೆಯ ಮಾತ್ರೆಯನ್ನು ಇಂದೇ ನಿಲ್ಲಿಸಿ. ಎರಡನ್ನೂ ಒಟ್ಟಿಗೆ ಕೊಟ್ಟರೆ ರಕ್ತಸ್ರಾವದಿಂದ ಪ್ರಾಣಾಪಾಯ.

ಅವನು ಕೌಂಟರಿನ ಅಂಚನ್ನು ಹಿಡಿದುಕೊಂಡಿದ್ದ. ಕರಿ ಮಸಿ ಇಳಿದು ನೀಲಿಯಾದ ಉಗುರುಗಳು. ಹನ್ನೆರಡು ದಿನ ಆ ಬೆರಳುಗಳಲ್ಲೇ ಅವಳ ಬಾಯಿಗೆ ಮಾತ್ರೆ ಇಟ್ಟು, ನೀರು ಕುಡಿಸಿ, ಗಲ್ಲ ಒರೆಸಿದ್ದ.

"ತಣ್ಣಗಿರೋ ಜಾಗದಲ್ಲಿ ಇಡಿ ಅಂತ ಬರೆದಿದೆ" ಎಂದೆ.

"ಅದನ್ನ ಇಷ್ಟು ದೊಡ್ಡದಾಗಿ ಬರೀತಾರಾ?"

"ಅವರಿಗೇನು ಬುದ್ಧಿ ಇದೆಯಾ."

"ಹಾಗಾದ್ರೆ ನಾನು ಕೊಟ್ಟಿದ್ದು ಸರಿ ತಾನೇ?"

"ಸರಿ ಅಣ್ಣ."

ಹಳೇ ಡಬ್ಬಿ ನನ್ನ ಕೈಯಳತೆಯಲ್ಲೇ ಇತ್ತು. ಅದನ್ನು ವಾಪಸ್ ಕೇಳಿದ್ದರೆ ಅದೇ ಅವನಿಗೆ ಉತ್ತರವಾಗುತ್ತಿತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ ನಾನು ಕೇಳಲಿಲ್ಲ. ಅವನು ನನ್ನ ಕೈಯನ್ನು ಸ್ವಲ್ಪ ಹೊತ್ತು ನೋಡಿದ. ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ, ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದ.

ಮೇ ತಿಂಗಳಲ್ಲಿ ಊರಿನವರೆಲ್ಲ ಗುಡ್ಡ ಹತ್ತಿ ಸಮಾಧಿಗಳ ಕಳೆ ಕಿತ್ತು ಹೂವಿಡುವ ದಿನ ಅವನನ್ನು ಕಂಡೆ. ಲೂರೀನಕ್ಕನ ಕಲ್ಲಿನ ಮುಂದೆ ಕೂತು, ಕೆತ್ತಿದ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದ. ನಾನು ಹತ್ತಿರ ಹೋಗಲಿಲ್ಲ. ಬೇಸಗೆಯಲ್ಲಿ, ಎಸ್ಟಿಲ್ ಪ್ರತಿ ಮಂಗಳವಾರ ಲೈಬ್ರರಿಗೆ ಹೋಗುತ್ತಾನೆ, ಅಲ್ಲಿನ ಹೆಂಗಸು ಅವನಿಗೆ ಅಕ್ಷರ ಹೇಳಿಕೊಡುತ್ತಾಳೆ ಎಂದು ಯಾರೋ ಹೇಳಿದರು. ಮುಚ್ಚುಮರೆ ಇಲ್ಲದೆ, ಕಿಟಕಿ ಪಕ್ಕದ ಮೇಜಿನಲ್ಲೇ ಕೂರುತ್ತಾನಂತೆ. ಎಪ್ಪತ್ತು ವರ್ಷ ಮುಚ್ಚಿಟ್ಟಿದ್ದನ್ನು ಈಗ ಯಾಕೆ ಬಿಚ್ಚಿಟ್ಟ ಎಂದು ಊರಿಗೆಲ್ಲ ಆಶ್ಚರ್ಯ. ನನಗೆ ಆಶ್ಚರ್ಯವಾಗಲಿಲ್ಲ. ಆ ಕಾಗದ ಅವನ ಜೇಬಿನಲ್ಲಿದೆ ಎಂದು ನನಗೆ ಗೊತ್ತಿತ್ತು. ಅವನು ಓದುವ ಮೊದಲು ನಾನೇ ಹೋಗಿ ಹೇಳಬೇಕು ಎಂದು ಪ್ರತಿ ಸೋಮವಾರ ಅಂದುಕೊಳ್ಳುತ್ತಿದ್ದೆ. ಎಲ್ಲರ ಎದುರು ಆಡಬಾರದ್ದನ್ನು ಆಡಿದ ಬಾಯಿ, ಆಡಬೇಕಾದ್ದನ್ನು ಆಡಲು ತೆರೆಯಲಿಲ್ಲ.

ಈ ಫೆಬ್ರವರಿಯಲ್ಲಿ ಬಂದ. ಮಧ್ಯಾಹ್ನ, ಅಂಗಡಿ ಖಾಲಿ. ಈಗೀಗ ಯಾವಾಗಲೂ ಖಾಲಿಯೇ. ಟೋಪಿ ತೆಗೆದ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಕಾಗದ ಬಿಚ್ಚಿ ಕೌಂಟರಿನ ಮೇಲೆ ಹರವಿದ. ಮಡಿಕೆಗಳಲ್ಲಿ ಹರಿದಿತ್ತು, ಅಂಟುಪಟ್ಟಿ ಹಚ್ಚಿದ್ದ. ಮೊದಲ ಪದದ ಮೇಲೆ ಬೆರಳಿಟ್ಟು ಓದಿದ.

"ನಿಲ್ಲಿಸಿ."

ಬೆರಳನ್ನು ಅಲ್ಲೇ ಇಟ್ಟುಕೊಂಡು ಮಾತಾಡಿದ.

"ನಮ್ಮ ಹಳ್ಳದ ತಿರುವಲ್ಲಿ ಕೆಂಪು ಬೋರ್ಡ್ ಇದೆಯಲ್ಲ, ಅದರ ಮೇಲಿರೋ ಪದವೇ. ಅರವತ್ತು ವರ್ಷ ಅದನ್ನ ನೋಡಿ ಗಾಡಿ ನಿಲ್ಲಿಸಿದೀನಿ. ಕೆಂಪು ಬೋರ್ಡಲ್ಲಿದ್ರೆ ಗೊತ್ತು. ಬಿಳೀ ಕಾಗದದಲ್ಲಿ ಕಪ್ಪಗೆ ಇದ್ರೆ ಗೊತ್ತಾಗಲಿಲ್ಲ." ಬೆರಳನ್ನು ಮುಂದಿನ ಸಾಲಿಗೆ ಸರಿಸಿ, "ಉಳಿದಿದ್ದನ್ನೂ ಓದಿದೆ" ಎಂದ.

"ಎಸ್ಟಿಲಣ್ಣ, ಅವತ್ತು ನನಗೆ ಧೈರ್ಯ ಸಾಲಲಿಲ್ಲ."

"ಗೊತ್ತು. ನನ್ನ ಉಳಿಸೋಕೆ ಅಂತ ಹೇಳಿದೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಿತ್ತು. "ಆದ್ರೆ ಲೂರೀನ್ ಆದ್ಮೇಲೆ ನನಗೆ ಓದಿ ಹೇಳೋಳು ಅಂತ ಇದ್ದಿದ್ದು ನೀನೊಬ್ಳೇ ಕಣೆ ಹುಡುಗಿ. ನೀನೂ ಇದ್ದಿದ್ದನ್ನ ಓದಲಿಲ್ಲ."

ಅಳು ಬಂತು. ಕೌಂಟರ್ ಹಿಡಿದು ಅತ್ತೆ. ಅರ್ಜಿಯಲ್ಲಿ ಬರೆದ ಸುಳ್ಳು, ಹೆಂಗಸರ ಮುಂದೆ ಆಡಿದ ನಿಜ, ಆಮೇಲೆ ಹೇಳಿದ ಸುಳ್ಳು, ಮೂರಕ್ಕೂ ಸೇರಿಸಿ ತಪ್ಪಾಯಿತು ಎಂದೆ. ಒಂದು ವರ್ಷ ತಡವಾಗಿ. ಅವನು ತಡೆಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ನಾನು ಮುಗಿಸುವವರೆಗೆ ಕಾದು ನಿಂತ.

ಆಮೇಲೆ ಕೋಟಿನ ಜೇಬಿನಿಂದ ಆ ಡಬ್ಬಿ ತೆಗೆದು ನನ್ನ ಮುಂದಿಟ್ಟ. ಒಳಗೆ ಪೀಚ್ ಬಣ್ಣದ ಮಾತ್ರೆಗಳು ಇನ್ನೂ ಇದ್ದವು.

"ಹಳೇ ಡಬ್ಬಿ" ಎಂದ. "ನೀನು ಕೇಳಲಿಲ್ಲ. ನಾನೇ ತಂದೆ."

ತೆಗೆದುಕೊಂಡೆ. ನಾನು ಕಟ್ಟಿದ ಕೆಂಪು ನೂಲು ಅದರ ಮೇಲೆ ಹಾಗೆಯೇ ಇತ್ತು.